ಜಡೆ ಮೇಷ್ಟ್ರು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಕಾರ್ಖಾನೆಯ ಗೋಡೆ ಗಡಿಯಾರಕ್ಕೂ ಆ ದಿನ ಕುಂಕುಮ ಹಚ್ಚಿದ್ದರು. ಬೊಟ್ಟು ಸರಿಯಾಗಿ ಎಂಟರ ಅಂಕಿಯ ಮೇಲೆ ಬಿದ್ದಿತ್ತು, ದೊಡ್ಡ ಮುಳ್ಳಿನ ತುದಿ ಅದರ ಹಿಂದೆ ಹೋಗಿ ಮರೆಯಾಗಿತ್ತು. ಆಗ ನಾನು ಗಡಿಯಾರದ ಕಡೆ ಯಾಕೆ ನೋಡಿದೆನೋ ಗೊತ್ತಿಲ್ಲ. ನೆನಪು ಮರುಕಳಿಸಿದಾಗಲೆಲ್ಲ ಮೊದಲು ಬರುವುದು ಆ ಬೊಟ್ಟು. ಆಮೇಲೆ ಮಂಗಳಾರತಿಯ ಗಂಟೆ. ಆಮೇಲೆ ಮೋಟಾರು ಶುರುವಾದ ಸದ್ದು.

ಅದು ಅರವತ್ತರ ದಶಕದ ಒಂದು ಆಯುಧಪೂಜೆ. ಜಯನಗರದ ಸೈಟುಗಳು ಮುಗಿದು ರಾಗಿ ಹೊಲಗಳು ಶುರುವಾಗುತ್ತಿದ್ದ ಕಡೆ, ಯಡಿಯೂರಿನ ಪಕ್ಕ, ನಮ್ಮ ಕಾರ್ಖಾನೆ ಇತ್ತು. ಟ್ರಾನ್ಸ್‌ಫಾರ್ಮರಿನೊಳಗೆ ಕೂರುವ ತಾಮ್ರದ ತಂತಿಯ ಸುರುಳಿ ಸುತ್ತುವ ಕೆಲಸ. ಸುತ್ತುವವರೆಲ್ಲ ಹೆಂಗಸರು. ಸುತ್ತಿದ್ದನ್ನು ಪರೀಕ್ಷೆ ಮಾಡುವವಳು ನಾನು, ಆಗಷ್ಟೇ ಬಿ.ಎಸ್ಸಿ. ಮುಗಿಸಿ ಸೇರಿದ್ದೆ. ಪೂಜೆಯ ಹೊತ್ತಿನಲ್ಲಿ ಸ್ವಿಚ್ಚಿನ ಪಕ್ಕ ನಿಂತಿರಬೇಕಾಗಿದ್ದ ಒಬ್ಬರು ಆಗ ಒಳಗಿರಲಿಲ್ಲ. ಬೂದುಗುಂಬಳಕಾಯಿ ಹಿಡಿದು ಗೇಟಿನ ಹೊರಗೆ ನಿಂತಿದ್ದರು.

ಅವರು ಹೋದ ತಿಂಗಳು ತೀರಿಕೊಂಡರು. ಆಗ ನಮ್ಮಲ್ಲಿ ಸುರುಳಿ ಸುತ್ತುತ್ತಿದ್ದ ಸರೋಜ ಮನೆಗೆ ಬಂದು ಹೇಳಿದಳು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಾವೇ ಬರೆದು ಗೋಡೆಗೆ ಅಂಟಿಸುತ್ತಿದ್ದ ಪೋಸ್ಟರುಗಳ ಕೆಳಗೂ ಅವರು ಹೆಸರು ಹಾಕಿದವರಲ್ಲ. ನಮಗೆ ಅವರು ಜಡೆ ಮೇಷ್ಟ್ರು. ಹುದ್ದೆ ಸೇಫ್ಟಿ ಆಫೀಸರ್. ಅಷ್ಟು ಚಿಕ್ಕ ಕಾರ್ಖಾನೆಯಲ್ಲಿ ಅಂಥವರೊಬ್ಬರು ಇರಬೇಕೆಂದು ಆಗ ಯಾರೂ ಕೇಳುತ್ತಿರಲಿಲ್ಲ. ನಮ್ಮ ಮಾಲು ಕೊಳ್ಳುತ್ತಿದ್ದ ದೊಡ್ಡ ಕಂಪನಿಯವರು ಒಮ್ಮೆ ನೋಡಲು ಬಂದು, "ಸೇಫ್ಟಿಗೆ ಯಾರಿದ್ದಾರೆ?" ಎಂದು ಕೇಳಿದರಂತೆ. ಯಜಮಾನರು ಸುತ್ತಲೂ ನೋಡಿ, ಗಾಯಕ್ಕೆ ಟಿಂಚರ್ ಹಚ್ಚುತ್ತಿದ್ದ ಕಾಂಪೌಂಡರನ್ನು ತೋರಿಸಿ, "ಇವರೇ" ಅಂದರಂತೆ. ನೇಮಕ ಆದದ್ದು ಹಾಗೆ.

ಯಜಮಾನರಿಗೆ ಅದು ಆ ಹೊತ್ತಿಗೆ ಹೊಳೆದ ಮಾತು. ಕಾಂಪೌಂಡರು ಮಾತ್ರ ಅದನ್ನು ನಂಬಿಬಿಟ್ಟರು.

"ಹತ್ತಿಗಿರಣಿ ಆಸ್ಪತ್ರೇಲಿ ಕಟ್ಟು ಕಟ್ಟಿ ಕಟ್ಟಿ ಬೇಜಾರಾಗಿತ್ತು ತಾಯಿ," ಎಂದು ಒಮ್ಮೆ ನನಗೆ ಹೇಳಿದರು. "ಎಲ್ಲಾ ಆದ್ಮೇಲೆ ನನ್ ಹತ್ರ ಬರೋರು. ಒಂದಿನನಾದ್ರೂ ಆಗೋಕ್ ಮುಂಚೆ ಅಲ್ಲಿರ್ಬೇಕು ಅನ್ನಿಸ್ತಿತ್ತು."

ಸಿದ್ದಾಪುರದಿಂದ ನಡೆದೇ ಬರುತ್ತಿದ್ದರು. ಬಸ್ಸಿನ ಫುಟ್‌ಬೋರ್ಡಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ತಲೆಗೆ ಕರಿ ಟೋಪಿ, ಮೈಗೆ ಖಾಕಿ ಕೋಟು, ಕೆಳಗೆ ಯಾರದೋ ಅಳತೆಗೆ ಹೊಲಿದಂತಿದ್ದ ದೊಗಳೆ ಪ್ಯಾಂಟು. ಮೆಷಿನ್ನುಗಳ ನಡುವೆ ಪಂಚೆ ಕೂಡದೆಂದು ಗಂಡಸರಿಗೆ ನಿಯಮ ಮಾಡಿದ ಮೇಲೆ ತಾವೂ ಪಂಚೆ ಬಿಟ್ಟಿದ್ದರು. ಒಳಗೆ ಓಡಾಡುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಕೈ ಮುಂದಿದ್ದರೆ ಏನನ್ನಾದರೂ ಮುಟ್ಟಬೇಕೆನ್ನಿಸುತ್ತದೆ, ಅದಕ್ಕೆ ಅಂತ. ಆ ಅಭ್ಯಾಸ ಎಷ್ಟು ಬಲಿತಿತ್ತೆಂದರೆ ಮದುವೆ ಮನೆಯಲ್ಲೂ ಹಾಗೇ ನಿಂತಿರುತ್ತಿದ್ದರು. ತಾಂಬೂಲ ಕೊಡಲು ಬಂದವರು ಕೈಗಾಗಿ ಕಾಯಬೇಕಾಗುತ್ತಿತ್ತು.

ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಜಡೆ ನೋಡುತ್ತಿದ್ದರು. ಜಡೆಯನ್ನು ಮೇಲೆತ್ತಿ ತುರುಬು ಕಟ್ಟಿ, ಅದರ ಮೇಲೆ ನೀಲಿ ಬಟ್ಟೆ ಬಿಗಿದುಕೊಂಡಿರಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿರಬೇಕು. ಬಳೆ ಕೂಡದೆಂದೂ ಒಮ್ಮೆ ಹೇಳಿದರು. ಮರುದಿನ ಅತ್ತೆಯರು ನಾಲ್ಕಾರು ಜನ ಗೇಟಿಗೆ ಬಂದು, ಮುತ್ತೈದೆಯರ ಬಳೆ ತೆಗೆಸಲು ನೀನ್ಯಾರೆಂದು ಜಗಳ ತೆಗೆದರು. ಮೇಷ್ಟ್ರು ತಲೆತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಸಂಜೆಯೊಳಗೆ ಹಳೆ ಸೀರೆಯಿಂದ ಪಟ್ಟಿಗಳನ್ನು ಹರಿದು ತಂದರು. ಬಳೆಗಳನ್ನು ಮೊಣಕೈ ಕಡೆ ಸರಿಸಿ ಪಟ್ಟಿ ಸುತ್ತಿಕೊಳ್ಳುವುದೆಂದು ರಾಜಿ ಆಯಿತು.

ಅವರ ಪೋಸ್ಟರುಗಳನ್ನು ನೋಡಬೇಕಿತ್ತು. ಚಿತ್ರ ಬರೆಯಲು ಬಾರದು, ಬೇರೆಯವರ ಕೈಲಿ ಬರೆಸಲು ಮನಸ್ಸು ಬಾರದು. ಒಂದು ಸಲ 'ಬೆರಳು ಜೋಪಾನ' ಎಂದು ಬರೆದು ಕೆಳಗೆ ದೊಡ್ಡದೊಂದು ಕೈ ಬಿಡಿಸಿದ್ದರು. ಸರೋಜ ಅದರ ಮುಂದೆ ನಿಂತು ಎಣಿಸಿದಳು.

"ಮೇಷ್ಟ್ರೇ, ಇದಕ್ಕೆ ಆರು ಬೆರಳಿದೆ."

"ಇರ್ಲಿ ಬಿಡು."

"ಒಂದು ಹೋದ್ರೂ ಐದು ಉಳಿಯತ್ತೆ ಅಂತಾನಾ?"

ಮೇಷ್ಟ್ರು ಆ ದಿನವೆಲ್ಲ ಅವಳ ಜೊತೆ ಮಾತಾಡಲಿಲ್ಲ. ಪೋಸ್ಟರನ್ನೂ ತೆಗೆಯಲಿಲ್ಲ.

ಸರೋಜ ಯಡಿಯೂರಿನವಳು. ಮನೆಯವರ ಹೊಲ ಬಡಾವಣೆಗೆ ಹೋಗಿತ್ತು. ತಮ್ಮ ಹೊಲದ ಮೇಲೆ ಎದ್ದ ಬೀದಿಯಲ್ಲೇ ನಡೆದು ಕೆಲಸಕ್ಕೆ ಬರುತ್ತಿದ್ದಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ನನ್ನನ್ನು 'ಬಿಎಸ್ಸಿ ಅಕ್ಕ' ಎಂದು ಕರೆಯುತ್ತಿದ್ದಳು. ಅವಳ ಜಡೆ ಮಂಡಿಯವರೆಗಿತ್ತು. ಬಾಗಿಲಲ್ಲಿ ಮೇಷ್ಟ್ರ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಅದರ ಮೇಲೆ.

ಬೆಂಚಿನ ಉದ್ದಕ್ಕೂ, ಕೆಳಗೆ, ಕಾಲಿನ ಹತ್ತಿರ, ಒಂದು ಉಕ್ಕಿನ ಶಾಫ್ಟು, ಉದ್ದನೆಯ ದುಂಡು ಸರಳು, ತಿರುಗುತ್ತಿತ್ತು. ಕೊನೆಯಲ್ಲೊಂದು ಮೋಟಾರು. ಎಲ್ಲ ಮೆಷಿನ್ನುಗಳಿಗೂ ಆ ಶಾಫ್ಟಿನಿಂದಲೇ ಬೆಲ್ಟಿನ ಪಟ್ಟೆಗಳು. ಶಾಫ್ಟಿಗೆ ತಗಡಿನ ಕವಚ ಇತ್ತು. ಮೇಷ್ಟ್ರು ಪ್ರತಿ ಶನಿವಾರ ನಮಗೆ ಮಾಡುತ್ತಿದ್ದ ಪಾಠದಲ್ಲಿ ಅದನ್ನು ಯಾವತ್ತೂ ತೆಗೆಯಬಾರದು ಅಂದಾಗ ಯಾರೋ ಕೇಳಿದರು, "ನುಣ್ಣಗಿದೆಯಲ್ಲ ಮೇಷ್ಟ್ರೇ, ಹಲ್ಲಿಲ್ಲ ಗಿಲ್ಲಿಲ್ಲ, ಅದೇನ್ ಮಾಡತ್ತೆ?"

ಮುಂದಿನ ಶನಿವಾರ ಮೇಷ್ಟ್ರು ಚೌರಿ ತಂದರು. ಹೆಂಗಸರು ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಕೂದಲಿನ ಚೌರಿ. ಗಾಂಧಿಬಜಾರಿನ ಅಂಗಡಿಯವನು, "ಮನೆಯವರಿಗಾ ಸ್ವಾಮಿ? ಬಣ್ಣ ಯಾವುದು?" ಎಂದು ಕೇಳಿದ್ದಕ್ಕೆ, "ಮೆಷಿನ್ನಿಗೆ" ಎಂದು ಉತ್ತರ ಕೊಟ್ಟು ಬಂದಿದ್ದರು. ಒಂದು ಕಡೆಯ ಕವಚ ತೆಗೆಸಿ, ಮೋಟಾರು ಹಾಕಿಸಿ, ಉದ್ದನೆ ಕೋಲಿನ ತುದಿಗೆ ಚೌರಿಯನ್ನು ಸಡಿಲವಾಗಿ ಸಿಕ್ಕಿಸಿ ಶಾಫ್ಟಿನ ಹತ್ತಿರ ತಂದರು. ಮುಟ್ಟಿಸಲೂ ಇಲ್ಲ, ಎಳೆಗಳು ತಾವಾಗಿಯೇ ಶಾಫ್ಟಿನ ಕಡೆ ವಾಲಿದವು. ಕಣ್ಣು ಮಿಟುಕಿಸುವುದರೊಳಗೆ ಕೋಲು ಬರಿದಾಗಿತ್ತು. ಶಾಫ್ಟಿನ ಮೇಲೆ ಕರಿಯ ಉಂಡೆಯೊಂದು ಪಟಪಟ ಬಡಿದುಕೊಳ್ಳುತ್ತಿತ್ತು.

ಯಾರೂ ನಗಲಿಲ್ಲ. ಮೇಷ್ಟ್ರೇ ಮಾತಾಡಿದರು. "ಅಯ್ಯೋ ಅನ್ನೋಷ್ಟು ಟೈಮೂ ಸಿಕ್ಕಲ್ಲ, ನೋಡಿದ್ರಲ್ಲ. ಸಿಕ್ಕಿದ್ರೂ ಅಯ್ಯೋ ಅನ್ಬೇಡಿ. ಸ್ವಿಚ್ ಹತ್ರ ಇರೋನಿಗೆ ಏನು ಗೊತ್ತಾಗತ್ತೆ? ಇಲಿ ಬಂತೋ, ಜೀವ ಹೋಯ್ತೋ? ಒಂದೇ ಮಾತು. ನಿಲ್ಸಿ. ಎಲ್ಲಾರೂ ಹೇಳಿ."

ನಾವು ಹೇಳಿದೆವು.

"ಇದು ಗಂಡನ್ನ ಊಟಕ್ಕೆ ಕರಿಯೋ ದನಿ. ಮೋಟಾರ್ ಮುಂದೆ ಕೇಳ್ಸಲ್ಲ. ಕೂಗಿ."

ಅದು ಸುಲಭವಾಗಿರಲಿಲ್ಲ. ದನಿ ಎತ್ತಬಾರದೆಂದೇ ಬೆಳೆಸಿದ ಮಕ್ಕಳು ನಾವು. ನನ್ನ ತಂದೆ ಸ್ಕೂಲ್ ಮೇಷ್ಟ್ರು. ಪಕ್ಕದ ಕೋಣೆಗೆ ಕೇಳುವ ಹಾಗೆ ಮಾತಾಡಿದರೆ ಮನೆಯಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು. "ಬಿಎಸ್ಸಿ ಅಮ್ಮ, ಬಾಯಿ ಅಲ್ಲಾಡ್ತು, ದನಿ ಬರ್ಲಿಲ್ಲ," ಅಂದರು ಜಡೆ ಮೇಷ್ಟ್ರು. ನಾನು ಮತ್ತೆ ಪ್ರಯತ್ನಿಸಿದೆ. ಕೆಮ್ಮು ಬಂತು.

ಸರೋಜ ಅಂದಳು, "ಹಿಂಗ್ ಕೂಗೋದ್ ಕಲಿತ್ರೆ ನಾಳೆ ನಮ್ಮತ್ತೆ ಮನೆಗ್ ಸೇರ್ಸಲ್ಲ ಮೇಷ್ಟ್ರೇ."

"ಕಲೀದಿದ್ರೆ ಮೆಷಿನ್ನು ಮನೆಗೇ ಕಳ್ಸಲ್ಲ ಅಮ್ಮಣ್ಣಿ. ಕೂಗು."

ಅದಾದ ಮೇಲೆ ಪ್ರತಿ ಶನಿವಾರ ಕೂಗುವುದಾಯಿತು. ಕ್ಯಾಂಟೀನಿನ ಶೆಡ್ಡಿನಲ್ಲಿ ಸಾಲಾಗಿ ನಿಂತು ಅಷ್ಟೂ ಹೆಂಗಸರು "ನಿಲ್ಸಿ" ಎಂದು ಕಿರುಚುತ್ತಿದ್ದೆವು. ಎದುರು ಮನೆಯವರು ಹಾವು ಬಂದಿದೆಯೇನೋ ಎಂದು ಆಳನ್ನು ಕಳಿಸಿದ್ದರು. ಗಂಡಸರು ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ಎಲೆಕ್ಟ್ರಿಷಿಯನ್ ರಾಜಣ್ಣ, ಎಂಜಿನ್ನಿನ ಶಿಳ್ಳೆಗೂ ಇಷ್ಟು ಜೋರಿಲ್ಲ ಎಂದು ರೇಗಿಸುತ್ತಿದ್ದ. ಮೇಷ್ಟ್ರು ಅವನನ್ನೂ ಎಳೆದು ತಂದು ಸ್ವಿಚ್ಚಿನ ಮುಂದೆ ನಿಲ್ಲಿಸಿದರು. ನಮಗೆ ಇನ್ನೊಂದು ನಿಯಮ ಸೇರಿಸಿದರು: ಒಬ್ಬರ ಕೂಗು ಕೇಳಿಸಿದರೆ ಯಾಕೆ ಅಂತ ಕೇಳಬಾರದು, ತಾವೂ ಕೂಗಬೇಕು. ಕಾರಣ ಆಮೇಲೆ.

ಆಯುಧಪೂಜೆ ಬಂದರೆ ಅವರಿಗೆ ಸಂಕಟ. ಅವರು ಬೇಡವೆಂದದ್ದೆಲ್ಲ ನಡೆಯುವುದು ಆ ಒಂದು ದಿನ. ತೊಳೆಯಲೆಂದು ಹಿಂದಿನ ದಿನವೇ ಕವಚಗಳನ್ನೆಲ್ಲ ತೆಗೆದು ಗೋಡೆಗೆ ಒರಗಿಸುತ್ತಾರೆ. ಶಾಫ್ಟಿಗೆ ಅರಿಶಿನ ಕುಂಕುಮ ಇಡುತ್ತಾರೆ. ಹೆಂಗಸರು ರೇಷ್ಮೆ ಸೀರೆ ಉಟ್ಟು, ಜಡೆ ಇಳಿಬಿಟ್ಟು, ಕನಕಾಂಬರ ಮುಡಿದು ಬಂದು ತಂತಮ್ಮ ಮೆಷಿನ್ನಿನ ಮುಂದೆ ಕೂತು ರಂಗೋಲಿ ಹಾಕುತ್ತಾರೆ. ಮಂಗಳಾರತಿ ಆದ ಕೂಡಲೇ ಶಾಸ್ತ್ರಕ್ಕೆ ಒಂದು ಗಳಿಗೆ ಮೋಟಾರು ಓಡಿಸುತ್ತಾರೆ. ಇದರಲ್ಲಿ ತಪ್ಪೇನೆಂದು ನನಗೂ ಕಂಡಿರಲಿಲ್ಲ. ವರ್ಷವೆಲ್ಲ ದುಡಿದ ಮೆಷಿನ್ನಿಗೆ ಒಂದು ದಿನದ ಗೌರವ.

ಆ ವರ್ಷ ಮೇಷ್ಟ್ರು ಯಜಮಾನರ ಹತ್ತಿರ ಕವಚದ ಮಾತೆತ್ತಿದರು, ನಡೆಯಲಿಲ್ಲ. ಸ್ವಿಚ್ಚಿನ ಪಕ್ಕ ತಾವೇ ನಿಲ್ಲುವುದೆಂದು ನಿಶ್ಚಯಿಸಿಕೊಂಡರು. ಆದರೆ ಅಲ್ಲಿಗೇ ಬಿಡದೆ, ಕುಂಬಳಕಾಯಿಯನ್ನು ಒಳಗೆ ಒಡೆಯಬೇಡಿ, ನೆಲ ಜಾರುತ್ತದೆ, ಹೊರಗೆ ಮರಳಿನ ಮೇಲೆ ಒಡೆಯಿರಿ ಎಂದು ಬೆಳಿಗ್ಗೆಯಿಂದ ಎಲ್ಲರ ಹಿಂದೆ ಬಿದ್ದರು. ಪಂಚೆ ಶಲ್ಯದಲ್ಲಿ ಬಂದಿದ್ದ ಯಜಮಾನರಿಗೆ ಕೊನೆಗೆ ರೇಗಿಹೋಯಿತು.

"ಹಬ್ಬದ ದಿನಾನೂ ಪ್ಯಾಂಟು, ಹಬ್ಬದ ದಿನಾನೂ ಬೇಡ ಬೇಡ! ಅಷ್ಟಿದ್ರೆ ನೀವೇ ಹೋಗಿ ಗೇಟಲ್ಲಿ ಮರಳು ಹಾಕ್ಸಿ ಒಡೀರಿ ಹೋಗಿ."

ಮೇಷ್ಟ್ರು ಹೋದರು.

ಹತ್ತು ನಲವತ್ತಕ್ಕೆ ಮಂಗಳಾರತಿ ಶುರುವಾಯಿತು. ಗಂಟೆ, ಜಾಗಟೆ. ಎಲ್ಲರೂ ಮೋಟಾರಿನ ಕಡೆ ಮುಖ ಮಾಡಿ ಕೈಮುಗಿದು ನಿಂತಿದ್ದರು. ಕೊನೆಯ ಮೆಷಿನ್ನು ಸರೋಜಳದು. ಯಾರೋ ಅವಳ ರಂಗೋಲಿ ತುಳಿದುಬಿಟ್ಟಿದ್ದರು. ಅವಳು ಮತ್ತೆ ಕುಕ್ಕರಗಾಲಲ್ಲಿ ಕೂತು ಅಳಿಸಿಹೋದ ಎಳೆಯನ್ನು ಎಳೆಯುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ರಾಜಣ್ಣನಿಗೆ ಯಜಮಾನರು ತಲೆಯಾಡಿಸಿದ್ದು ನನಗೆ ಕಂಡಿತು. ಶಾಫ್ಟು ತಿರುಗಿತು. ಅದರ ಮೇಲಿದ್ದ ಕುಂಕುಮದ ಬೊಟ್ಟುಗಳು ಸೇರಿಕೊಂಡು ಕೆಂಪು ಗೆರೆಯಾದವು. ಸರೋಜ ಚುಕ್ಕಿ ನೋಡಲು ತಲೆ ವಾರೆ ಮಾಡಿದಳು. ಜಡೆ ಭುಜದಿಂದ ಜಾರಿತು.

ಚೌರಿಯ ಹಾಗೆಯೇ ಆಯಿತು. ಇನ್ನೇನು ಹೇಳಲಿ.

ಅವಳು ಬೆಂಚಿನ ಕಾಲನ್ನು ತಬ್ಬಿಕೊಂಡಳು. ನಾನು ಅವಳ ಭುಜ ಹಿಡಿದೆ. ನನ್ನ ಬಾಯಿಂದ "ನಿಲ್ಸಿ" ಎಂಬ ಮಾತು ಬಂತು. ಆ ದನಿ ನನ್ನದೆಂದು ನನಗೆ ಗೊತ್ತಾಗಲಿಲ್ಲ. ಗಂಟೆಯ ಸದ್ದಿನಲ್ಲಿ ಅದು ಮುಂದಿನ ಮೆಷಿನ್ನಿನ ತನಕ ಮುಟ್ಟಿತೋ ಇಲ್ಲವೋ. ಆದರೆ ಅಲ್ಲಿದ್ದವಳು ತಿರುಗಿ ನೋಡದೆಯೇ ಕೂಗಿದಳು. ಅವಳ ಮುಂದಿನವಳು ಕೂಗಿದಳು. ಕೈಮುಗಿದುಕೊಂಡೇ, ಕಾರಣ ತಿಳಿಯದೆಯೇ, ಸಾಲಿಗೆ ಸಾಲೇ ಕೂಗಿತು. ಪುರೋಹಿತರು ಬೆಚ್ಚಿ ಆರತಿ ತಟ್ಟೆ ಬಿಟ್ಟರು. ರಾಜಣ್ಣ ಸ್ವಿಚ್ಚು ಎಳೆದ.

ಎಳೆದ ಮೇಲೂ ಶಾಫ್ಟು ಒಂದೆರಡು ಸುತ್ತು ತಿರುಗಿತು. ಈಗಲೂ ನೆನಪಿನ ಕೊನೆಗೆ ಬರುವುದು ಆ ಸುತ್ತುಗಳೇ.

"ಎಳೀಬೇಡಿ! ಯಾರೂ ಎಳೀಬೇಡಿ!" ಎನ್ನುತ್ತ ಮೇಷ್ಟ್ರು ಗೇಟಿನಿಂದ ಓಡಿ ಬಂದರು. ಕೈಯೆಲ್ಲ ಮರಳು, ಕುಂಬಳಕಾಯಿಯ ತಿರುಳು. ರಾಜಣ್ಣನ ಕೈಲಿ ಶಾಫ್ಟನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರು. ಕೋಟಿನ ಜೇಬಿನಿಂದ ಬ್ಯಾಂಡೇಜು ಕತ್ತರಿ ತೆಗೆದು ಜಡೆಯನ್ನು ಕತ್ತರಿಸಿದರು. ಕಿವಿಯ ಮೇಲೆ ಅಂಗೈಯಗಲ ಚರ್ಮ ಕಿತ್ತುಬಂದಿತ್ತು. ಅದನ್ನು ಒತ್ತಿ ಹಿಡಿದು ಕಟ್ಟು ಕಟ್ಟಿದರು. ಮೆಷಿನ್ನಿನ ಮೇಲೆ ಅವರ ಎರಡೂ ಕೈಗಳನ್ನು ನಾನು ನೋಡಿದ್ದು ಅದೇ ಮೊದಲು. ಕಟ್ಟಿ ಮುಗಿದ ಮೇಲೆ ಅವು ಮತ್ತೆ ಬೆನ್ನ ಹಿಂದೆ ಹೋದವು.

ಯಜಮಾನರು ಕೆಟ್ಟವರಲ್ಲ. ರೇಷ್ಮೆ ಪಂಚೆಯಲ್ಲೇ ಸಂಜೆಯವರೆಗೆ ಆಸ್ಪತ್ರೆಯ ಜಗುಲಿಯಲ್ಲಿ ಕೂತಿದ್ದರು. ಆದರೆ ಹೆದರಿದವರು ಮಾಡುವ ತೀರ್ಮಾನವನ್ನು ಮಾಡಿಕೊಂಡು ಬಂದರು: ಇನ್ನು ಮೇಲೆ ಸುತ್ತುವ ಕೆಲಸಕ್ಕೆ ಗಂಡಸರು, ಹೆಂಗಸರೆಲ್ಲ ಮನೆಗೆ. ಸರೋಜಳ ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ. ಆಸ್ಪತ್ರೆಯ ಮಂಚದ ಮೇಲೆ ಅವಳು ತಲೆಯ ಗಾಯದ ಬಗ್ಗೆ ಅಳಲಿಲ್ಲ, ಇದನ್ನು ಕೇಳಿ ಅತ್ತಳು.

ಮೇಷ್ಟ್ರು ಯಜಮಾನರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ನಾವೆಲ್ಲ ಕೇಳಿಸಿಕೊಂಡೆವು.

"ಜಡೆ, ಸೆರಗು, ಬಳೆ, ಇವೆಲ್ಲಾ ಇರೋ ಕಡೆ ಮೆಷಿನ್ ಬೇಡ ಮೇಷ್ಟ್ರೇ. ನೀವೇ ಹೇಳ್ತಿದ್ರಲ್ಲ."

"ಹೇಳ್ತಿದ್ದೆ ಸಾರ್. ಜಡೆ ಕಟ್ಕೊಂಡು ಬರೋ ದಿನ ಏನೂ ಆಗ್ಲಿಲ್ಲ. ಜಡೆ ಬಿಟ್ಕೊಂಡು ಬನ್ನಿ ಅಂತ ನಾವೇ ಕರೆದ ದಿನ ಆಯ್ತು. ಗಂಟೆ ಬಾರಿಸ್ತಿದ್ದೋರು ಗಂಡಸ್ರು. ಕೂಗಿದ್ದು ಇವ್ರು. ಯಾರನ್ನ ತೆಗೀತೀರಿ?"

ಮೇಷ್ಟ್ರು ದನಿ ತಗ್ಗಿಸಿ, "ನಾನು ಆ ಕುಂಬಳಕಾಯಿ ವಿಷ್ಯ ಎತ್ತದೆ ಸುಮ್ನಿದ್ದಿದ್ರೆ ಸ್ವಿಚ್ ಹತ್ರ ಇರ್ತಿದ್ದೆ. ತೆಗೆಯೋದಾದ್ರೆ ನನ್ನ ತೆಗೀರಿ," ಅಂದರು. ಯಾರನ್ನೂ ತೆಗೆಯಲಿಲ್ಲ. ಆದರೆ ಮುಂದಿನ ಪೂಜೆಯ ತನಕ ನೋಡುವುದು, ಆಗೇನಾದರೂ ಎಡವಟ್ಟಾದರೆ ಹೆಂಗಸರು ಬೇಡ ಎಂದು ಯಜಮಾನರು ಮಾತು ಕಡಿದರು.

ಆ ವರ್ಷ ನನಗೆ ನಿದ್ದೆ ಇರಲಿಲ್ಲ. ಮಲಗಿದರೆ ಆ ಕೊನೆಯ ಸುತ್ತುಗಳು. ಹಗಲು ದೇವಸ್ಥಾನದ ಮುಂದೆ ಹೋಗುವಾಗ ಗಂಟೆ ಕೇಳಿದರೆ ಕೈ ತಾನಾಗಿ ನನ್ನ ಜಡೆಯನ್ನು ಹಿಡಿದುಕೊಳ್ಳುತ್ತಿತ್ತು. ಮೇಷ್ಟ್ರು ಅದನ್ನು ಗಮನಿಸಿದ್ದರು. ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರಹೇಳಿ, ಸ್ವಿಚ್ ಬೋರ್ಡಿನಿಂದ ಪಿಂಗಾಣಿಯ ಫ್ಯೂಸನ್ನು ಕಿತ್ತು ನನ್ನ ಮುಷ್ಟಿಯೊಳಗಿಟ್ಟರು.

"ಇದು ನಿಮ್ ಕೈಲಿರೋವರ್ಗೂ ಅದು ಬರೀ ಕಬ್ಬಿಣ. ಹೋಗಿ ಮುಟ್ಟಿ."

ನಾನು ಹೋಗಿ ಶಾಫ್ಟನ್ನು ಮುಟ್ಟಿದೆ. ತಣ್ಣಗಿತ್ತು. ಆ ದಿನವೂ ನಿದ್ದೆ ಬರಲಿಲ್ಲ. ಆದರೆ ಫ್ಯೂಸಿನ ಉಪಾಯ ಅವರ ತಲೆಯಲ್ಲಿ ಕೂತಿತು.

ಸರೋಜ ಕೆಲಸಕ್ಕೆ ಮರಳಿದಳು. ಕಿವಿಯ ಮೇಲಿನ ಜಾಗದಲ್ಲಿ ಕೂದಲು ಮತ್ತೆ ಬೆಳೆಯಲಿಲ್ಲ. "ಮೇಷ್ಟ್ರೇ, ನಿಮ್ ಚೌರಿ ಇದ್ರೆ ಕೊಡಿ, ಇಲ್ಲಿಗ್ ಮುಚ್ಚಾಕೊಳ್ತೀನಿ," ಎಂದು ತಮಾಷೆ ಮಾಡಿದಳು. ಮೇಷ್ಟ್ರು ನಗಲಿಲ್ಲ. ಅದೇ ಅಂಗಡಿಗೆ ಹೋದರು. "ಮತ್ತೆ ಮೆಷಿನ್ನಿಗಾ ಸ್ವಾಮಿ?" ಅಂದನಂತೆ ಅವನು. ಒಳ್ಳೆಯದನ್ನೇ ಆರಿಸಿ ತಂದು ಅವಳಿಗೆ ಕೊಟ್ಟರು. ಮರುದಿನ ಬಾಗಿಲಲ್ಲಿ ಆ ಚೌರಿಯನ್ನೂ ಮೇಲೆತ್ತಿ ಕಟ್ಟಿಕೊಂಡಿದ್ದಾಳೋ ಇಲ್ಲವೋ ಎಂದು ಪರೀಕ್ಷೆ ಮಾಡಿದರು.

ಮತ್ತೆ ನವರಾತ್ರಿ ಬಂತು. ಶಾಫ್ಟಿಗೆ ಪೂಜೆ ಆಗಲೇಬೇಕು, ಅದಕ್ಕೆ ಕವಚ ತೆಗೆಯಲೇಬೇಕು ಎಂದು ಯಜಮಾನರ ತಾಯಿ ಹಟ ಹಿಡಿದಿದ್ದರು. ಮೇಷ್ಟ್ರು ಅವರ ಮನೆಗೇ ಹೋದರು. ವಾದ ಮಾಡಲಿಲ್ಲ. ಅವರು ಆಡಿದ್ದು, ಆ ತಾಯಿಯೇ ಆಮೇಲೆ ಎಲ್ಲರಿಗೂ ಹೇಳಿಕೊಂಡು ನಕ್ಕ ಈ ಮಾತು: "ಅಮ್ಮಾವ್ರೆ, ದೇವರಿಗೆ ಬೆಳ್ಳಿ ಕವಚ ಹಾಕಿದ್ಮೇಲೆ ಕುಂಕುಮ ಯಾವುದಕ್ಕಿಡ್ತಾರೆ? ಕವಚಕ್ಕೇ ತಾನೆ? ಒಳಗಿರೋ ಸ್ವಾಮಿ ಬೇಡ ಅಂತಾನಾ?"

ಆ ವರ್ಷ ತಗಡಿನ ಕವಚಗಳನ್ನು ಕಳಚಲಿಲ್ಲ. ಅವುಗಳ ಮೇಲೇ ವಿಭೂತಿ ಪಟ್ಟೆ, ಕುಂಕುಮ, ಚೆಂಡು ಹೂವು. ನಾವು ರೇಷ್ಮೆ ಸೀರೆ ಉಟ್ಟೆವು, ಹೂ ಮುಡಿದೆವು, ಜಡೆಯನ್ನು ಮೇಲಕ್ಕೆ ಕಟ್ಟಿದೆವು. ಮೇಷ್ಟ್ರು ನಿಯಮ ಮಾಡಿದ ಮೇಲೆ ಮೊದಲ ಸಲ ಪಂಚೆ ಉಟ್ಟು ಬಂದು, ಮೆಷಿನ್ನುಗಳಿಂದ ದೂರ, ಬಾಗಿಲ ಹೊರಗೇ ನಿಂತರು.

ಗಂಟೆ, ಜಾಗಟೆ ಆಯಿತು. ನನ್ನ ಕೈ ತಾನಾಗಿ ತುರುಬಿಗೆ ಹೋಯಿತು. ಯಜಮಾನರು ತಲೆಯಾಡಿಸಿದರು. ರಾಜಣ್ಣ ಸ್ವಿಚ್ಚಿಗೆ ಕೈ ಹಾಕಲಿಲ್ಲ.

"ಫ್ಯೂಸ್ ಇಲ್ಲ ಸಾರ್," ಅಂದ.

"ಎಲ್ಲಿ?"

"ಕಡೇ ಮೆಷಿನ್‌ನವರ ಹತ್ರ. ಮೇಷ್ಟ್ರ ಆರ್ಡರ್."

ಎಲ್ಲರೂ ತಿರುಗಿದರು. ಸರೋಜ ಇನ್ನೂ ಕೂತು ರಂಗೋಲಿ ಹಾಕುತ್ತಿದ್ದಳು. ಅವಸರಪಡಲಿಲ್ಲ. ಕೊನೆಯ ಎಳೆ ಎಳೆದು, ಕೈ ಕೊಡವಿ, ಸೀರೆ ಸರಿಮಾಡಿಕೊಂಡು ಎದ್ದಳು. ಹಿಂದೆ ತಿರುಗಿ ಯಾರೂ ನೆಲದ ಮೇಲಿಲ್ಲವೆಂದು ನೋಡಿಕೊಂಡಳು. ಬೆಂಚಿನ ಉದ್ದಕ್ಕೂ ನಡೆದು ಹೋಗಿ, ಮುಷ್ಟಿ ಬಿಚ್ಚಿ ಫ್ಯೂಸನ್ನು ರಾಜಣ್ಣನ ಕೈಗೆ ಕೊಟ್ಟಳು. ಆರತಿ ಆರಿದರೂ ಯಜಮಾನರು ಅಷ್ಟು ಹೊತ್ತು ಕಾದರು.

"ಈಗ ಹಾಕು ರಾಜಣ್ಣ," ಅಂದಳು.

ಮೋಟಾರು ಓಡಿತು. ಕವಚದ ಮೇಲಿನ ಚೆಂಡು ಹೂವು ಸಣ್ಣಗೆ ಅದುರಿತು, ಅಷ್ಟೇ. ನಾನು ಬಾಗಿಲ ಕಡೆ ನೋಡಿದೆ. ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪ್ರಸಾದದ ಕಡಲೆಪುರಿ ಕೊಡಲು ಬಂದವನನ್ನು ಕಾಯಿಸುತ್ತ ನಿಂತಿದ್ದರು.

ಆ ದಿನ ಮನೆಗೆ ಬಂದು ಊಟ ಮಾಡಿ ಮಲಗಿದೆ. ಎದ್ದಾಗ ವಿಜಯದಶಮಿಯ ಬಿಸಿಲು ಹಾಸಿಗೆಯ ಮೇಲಿತ್ತು, ಅಮ್ಮ ಎರಡನೇ ಸಲ ಕಾಫಿ ಬಿಸಿ ಮಾಡುತ್ತಿದ್ದರು.